ಗಾಯ ಮಾಯಿಸುವ ಪೆಪ್ಟೈಡ್: ನಂಬುವ ಮುನ್ನ

ಹರಿದ ಸ್ನಾಯು ಬೇಗ ಕೂಡುತ್ತದೆ, ಮಂಡಿ ನೋವು ಮಾಯವಾಗುತ್ತದೆ, ಆಟದಲ್ಲಿ ಶಕ್ತಿ ಹೆಚ್ಚುತ್ತದೆ ಎಂದು ಹೇಳಿ ಪೆಪ್ಟೈಡ್ ಚುಚ್ಚುಮದ್ದುಗಳನ್ನು ಇಂದು ಯುವಕರಿಗೆ ಮಾರಲಾಗುತ್ತಿದೆ. ಜಿಮ್‌ಗೆ ಹೋಗುವ ಮಕ್ಕಳಿರುವ ತಾಯಂದಿರು ಇದರ ಬಗ್ಗೆ ತಿಳಿದಿರುವುದು ಒಳ್ಳೆಯದು.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಸಣ್ಣ ಸರಪಳಿ. ಹೆಸರು ಹೊಸದೆನಿಸಿದರೂ ವಸ್ತು ಹೊಸದಲ್ಲ. ಹೆರಿಗೆಯ ಸಮಯದಲ್ಲಿ ಕೆಲಸ ಮಾಡುವ ಆಕ್ಸಿಟೋಸಿನ್‌ನಲ್ಲಿ 9 ಅಮೈನೋ ಆಮ್ಲಗಳಿವೆ, ಇನ್ಸುಲಿನ್‌ನಲ್ಲಿ 51. ಇನ್ಸುಲಿನನ್ನು 1922ರಲ್ಲಿ ಟೊರೊಂಟೊದಲ್ಲಿ ಮೊದಲ ಬಾರಿಗೆ ರೋಗಿಗೆ ಕೊಡಲಾಯಿತು. ಅಂದಿನಿಂದ ಅದು ಕೋಟ್ಯಂತರ ಜನರ ಜೀವ ಉಳಿಸಿದೆ. ಆದ್ದರಿಂದ ಪೆಪ್ಟೈಡ್ ಎಂಬ ಕಾರಣಕ್ಕೆ ಯಾವುದೂ ಕೆಟ್ಟದಲ್ಲ, ಅದೇ ಕಾರಣಕ್ಕೆ ಒಳ್ಳೆಯದೂ ಅಲ್ಲ. ಮನುಷ್ಯರ ಮೇಲೆ ಪರೀಕ್ಷೆಯಾಗಿದೆಯೇ ಎಂಬುದೇ ಮುಖ್ಯ.

ಗಾಯಕ್ಕೆಂದು ಹೆಚ್ಚು ಹೆಸರಾಗಿರುವುದು ಬಿಪಿಸಿ-157. ಇದರಲ್ಲಿ 15 ಅಮೈನೋ ಆಮ್ಲಗಳಿವೆ. ಇದರ ಸಂಶೋಧನೆ ಬಹುಪಾಲು ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ ನಡೆದಿದೆ. ಹಿಮ್ಮಡಿಯ ಸ್ನಾಯುರಜ್ಜು ಕತ್ತರಿಸಿದ ಇಲಿಗಳಲ್ಲಿ ಗಾಯ ಬೇಗ ಮಾಗಿದ್ದು ನಿಜ. ಆದರೆ ಮನುಷ್ಯರ ಬಗ್ಗೆ ಇರುವುದು ಕೆಲವೇ ರೋಗಿಗಳ ಸಣ್ಣ ವರದಿಗಳು. ಮಂಡಿ ನೋವಿನ ವರದಿಯಲ್ಲಿ ಮದ್ದು ಪಡೆಯದವರ ಗುಂಪಿನೊಂದಿಗೆ ಹೋಲಿಕೆಯೇ ಇರಲಿಲ್ಲ. ವಿಶ್ರಾಂತಿಯಿಂದಲೇ ಎಷ್ಟೋ ನೋವುಗಳು ತಗ್ಗುತ್ತವೆ. ಹಾಗಿರುವಾಗ ಗುಣಪಡಿಸಿದ್ದು ಮದ್ದೋ, ಕಾಲವೋ ಎಂದು ಹೇಗೆ ಹೇಳುವುದು?

ಇದು ಹೊಸ ರಕ್ತನಾಳಗಳನ್ನು ಬೆಳೆಸುತ್ತದೆ ಎನ್ನಲಾಗುತ್ತದೆ. ಕ್ಯಾನ್ಸರ್ ಗಡ್ಡೆಗೂ ಬೆಳೆಯಲು ಬೇಕಾದದ್ದು ಅದೇ ರಕ್ತನಾಳ. ಈ ಆತಂಕಕ್ಕೆ ಉತ್ತರ ಕೊಡುವ ದೀರ್ಘಕಾಲದ ಅಧ್ಯಯನ ಇನ್ನೂ ನಡೆದಿಲ್ಲ. 'ಸಂಶೋಧನೆಗೆ ಮಾತ್ರ' ಎಂಬ ಚೀಟಿಯೊಂದಿಗೆ ಮಾರುವ ಬಾಟಲಿಯ ಶುದ್ಧತೆಗೆ ಹೊಣೆ ಯಾರು?

ಆಟಗಾರರಿಗೆ ಇನ್ನೊಂದು ಅಪಾಯವೂ ಇದೆ. ಬಿಪಿಸಿ-157 ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಗೆ 2022ರಲ್ಲಿ ಸೇರಿತು. ಆಸ್ಟ್ರೇಲಿಯಾದ ಎಸೆಂಡನ್ ಫುಟ್‌ಬಾಲ್ ಕ್ಲಬ್‌ನ 34 ಆಟಗಾರರು 2012ರಲ್ಲಿ ಥೈಮೋಸಿನ್ ಬೀಟಾ-4 ಎಂಬ ಪೆಪ್ಟೈಡ್ ಪಡೆದರೆಂದು 2016ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ಅವರಿಗೆ ಎರಡು ವರ್ಷದ ನಿಷೇಧ ವಿಧಿಸಿತು. ಚುಚ್ಚುಮದ್ದು ಕ್ಲಬ್‌ನ ಕಾರ್ಯಕ್ರಮದಲ್ಲೇ ನಡೆದಿತ್ತು, ಆದರೂ ಶಿಕ್ಷೆ ಆಟಗಾರರಿಗೂ ತಪ್ಪಲಿಲ್ಲ.

ಬಾಯಿಯಲ್ಲಿ ಸೇವಿಸುವ ಕೊಲಾಜೆನ್ ಪುಡಿಯ ವಿಷಯ ಬೇರೆ. ಕೀಲು ನೋವಿನಲ್ಲಿ ಅದು ಅಲ್ಪ ಪರಿಹಾರ ಕೊಟ್ಟಿರುವುದನ್ನು ಕೆಲವು ಪರೀಕ್ಷೆಗಳು ತೋರಿಸಿವೆ. ಆದರೆ ಅದನ್ನು ದನ, ಮೀನು ಮಾತ್ರವಲ್ಲ, ಹಂದಿಯ ಚರ್ಮದಿಂದಲೂ ತಯಾರಿಸುತ್ತಾರೆ. ಡಬ್ಬಿಯ ಮೇಲೆ ಮೂಲವನ್ನು ಓದದೆ ಕೊಳ್ಳಬೇಡಿ.

ಮಗ ಚುಚ್ಚುಮದ್ದಿನ ಮಾತೆತ್ತಿದರೆ ಗದರಬೇಡಿ, ಗದರಿದರೆ ಅವನು ಗುಟ್ಟಾಗಿ ತರಿಸಿಕೊಳ್ಳಬಹುದು. ಮೂಳೆ ತಜ್ಞರ ಬಳಿಗೆ ಕರೆದೊಯ್ಯಿರಿ. ವಿಶ್ರಾಂತಿ, ಫಿಸಿಯೋಥೆರಪಿ, ಸಾಕಷ್ಟು ನಿದ್ದೆ, ಬೇಳೆ, ಮೊಟ್ಟೆ, ಮೀನಿನ ಊಟ ಇವು ನಿಧಾನವೆನಿಸಿದರೂ ಪರೀಕ್ಷೆಯಲ್ಲಿ ಗೆದ್ದ ದಾರಿಗಳು.