ದೀರ್ಘಾಯುಷ್ಯಕ್ಕೆ ಅರೆಹೊಟ್ಟೆಯೇ ದಾರಿಯೇ?

ಕಡಿಮೆ ಉಂಡರೆ ಆಯುಷ್ಯ ಹೆಚ್ಚುವುದೇ? 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಜೀವಸತ್ವ, ಖನಿಜಗಳಿಗೆ ಕೊರತೆಯಾಗದಂತೆ ಕ್ಯಾಲೊರಿ ಮಾತ್ರ ತಗ್ಗಿಸಿದಾಗ ಹಲವು ಇಲಿಗಳು ಹೆಚ್ಚು ಕಾಲ ಬದುಕಿದವು. ಆದರೆ ಅವುಗಳ ಬೆಳವಣಿಗೆ ಕುಂಠಿತವಾಯಿತು. ಆದ್ದರಿಂದ ಬೆಳೆಯುವ ಮಕ್ಕಳಿಗೆ ಅರೆಹೊಟ್ಟೆ ಸಲ್ಲದು, ಬದಲಿಸಬೇಕಾದದ್ದು ತಟ್ಟೆಯಲ್ಲಿರುವುದನ್ನು.

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಅದಕ್ಕೆ ದೂರ ಹುಡುಕಬೇಕಿಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಮೊಸರು ಇದ್ದರಾಯಿತು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಅದು ರಕ್ತಕ್ಕೆ ಸಕ್ಕರೆ ಸೇರುವುದನ್ನು ನಿಧಾನಗೊಳಿಸುತ್ತದೆ. ಉಂಡ ಮೇಲೆ ನಡೆದಾಡಿದರೆ ಸ್ನಾಯುಗಳು ಆ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಉಪ್ಪಿನಕಾಯಿ, ಹಪ್ಪಳ ಮಾತ್ರ ಮಿತಿಯಲ್ಲಿರಲಿ.

ನೂರು ವರ್ಷದ ಭರವಸೆಯನ್ನು ಯಾರೂ ಕೊಡಲಾರರು. ಗಟ್ಟಿ ಮುಪ್ಪಿಗೆ ಬುನಾದಿಯನ್ನು ಮಾತ್ರ ಬಾಲ್ಯದಲ್ಲೇ ಹಾಕಬಹುದು.