ಗಾಡಿಗೆ ಮಾರಿ ಬಂದದ್ದು ಹೀಗೆ

ಸುಗ್ಗಿ ಬಂತೆಂದರೆ ಕೊಪ್ಪಳ ಜಿಲ್ಲೆಯ ಒಳರಸ್ತೆಗಳೆಲ್ಲ ಕಣ. ಕನಕಗಿರಿಯಿಂದ ಹುಲಿಹೈದರದ ಕಡೆಗೋ ಕುಷ್ಟಗಿಯ ಕಡೆಗೋ ಹೊರಟ ಕಾರು ಸಜ್ಜೆ, ತೊಗರಿ, ಹುರುಳಿ ಹರವಿದ ಡಾಂಬರಿನ ಮೇಲೆಯೇ ಹಾಯಬೇಕು. ರೈತನಿಗೆ ಪುಕ್ಕಟೆ ಒಕ್ಕಣೆ, ಕಾರಿನವನಿಗೆ ಗೊಣಗಾಟ. ಊರು ಮುಟ್ಟಿ ಇಳಿದು ನೋಡಿದರೆ ಮುಂದಿನ ಗ್ರಿಲ್‌ನ ಸಂದುಗಳಲ್ಲಿ ಹೊಟ್ಟು, ರವದಿ, ಸತ್ತ ಮಿಡತೆ. ರಾತ್ರಿ ಹೊತ್ತು ನಾಯಿಯೋ ಹಂದಿಯೋ ಅಡ್ಡ ಬಂದು ತಾಗಿತೆಂದರೆ ಗ್ರಿಲ್ ಎರಡು ಹೋಳು. ‘ಗಾಡಿ ಮಾರಿ ಒಡದೈತಿ’ ಅನ್ನುತ್ತಾರೆ; ಮಾರಿ ಅಂದರೆ ಮುಖ. ಎಂಜಿನ್ ಗಟ್ಟಿಯಾಗಿದ್ದರೂ ಮಾಲೀಕನಿಗೆ ಸಮಾಧಾನವಿಲ್ಲ. ಹೊಸ ಗ್ರಿಲ್ ಹುಡುಕಿಕೊಂಡು ಗಂಗಾವತಿಗೆ ಹೊರಡುತ್ತಾನೆ.

ಕಾರು ಹುಟ್ಟಿದಾಗ ಅದಕ್ಕೆ ಈ ಮಾರಿ ಇರಲಿಲ್ಲ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಯಲ್ಲಿ ಎಂಜಿನ್ ಸೀಟಿನ ಹಿಂದಿತ್ತು. ನೀರು ಕುದಿದು ಆವಿಯಾಗಿ ಹೋಗುವುದೇ ಎಂಜಿನ್ ತಣಿಸುವ ಬಗೆ. ದಾರಿಯುದ್ದಕ್ಕೂ ನೀರು ಸುರಿಯುತ್ತಲೇ ಇರಬೇಕು. ಎಂಜಿನ್ ದೊಡ್ಡದಾದಂತೆ ಈ ಏರ್ಪಾಡು ನಡೆಯದಾಯಿತು.

ದಾರಿ ತೋರಿಸಿದವನು ಡೈಮ್ಲರ್ ಕಂಪನಿಯ ಎಂಜಿನಿಯರ್ ವಿಲ್‌ಹೆಲ್ಮ್ ಮೇಬ್ಯಾಕ್. ನೀಸ್ ನಗರದಲ್ಲಿದ್ದ ವ್ಯಾಪಾರಿ ಎಮಿಲ್ ಯೆಲ್ಲಿನೆಕ್‌ಗೆ ಭಾರೀ ವೇಗದ ಕಾರು ಬೇಕಾಗಿತ್ತು. ಅವನಿಗಾಗಿ ಡೈಮ್ಲರ್ ಕಂಪನಿ 1900ರ ಕೊನೆಗೆ ತಯಾರಿಸಿದ 35 ಅಶ್ವಶಕ್ತಿಯ ಕಾರಿನ ಮುಂದೆ ಮೇಬ್ಯಾಕ್ 8,070 ಪುಟ್ಟ ಕೊಳವೆಗಳನ್ನು ಒತ್ತೊತ್ತಾಗಿ ಬೆಸೆದು ನಿಲ್ಲಿಸಿದ. ಒಂದೊಂದು ಕೊಳವೆಯ ಬಾಯಿಯೂ 6 ಮಿಲಿಮೀಟರ್ ಚೌಕ. ಕೊಳವೆಯೊಳಗೆ ಗಾಳಿ, ಕೊಳವೆಗಳ ನಡುವಿನ ಸಂದಿನಲ್ಲಿ ನೀರು. ಎದುರಿನಿಂದ ನೋಡಿದರೆ ಥೇಟ್ ಜೇನುಗೂಡು. ಆ ಕಾರಿಗೆ ಯೆಲ್ಲಿನೆಕ್ ಇಟ್ಟದ್ದು ತನ್ನ ಮಗಳ ಹೆಸರು, ಮರ್ಸಿಡಿಸ್. ಮಗಳ ಹೆಸರೇನೋ ಜಗತ್ತಿಗೆಲ್ಲ ಗೊತ್ತಾಯಿತು. ಕಾರಿನ ಮುಂಭಾಗ ಎಂಬುದನ್ನೇ ಕಟ್ಟಿಕೊಟ್ಟ ಮೇಬ್ಯಾಕ್‌ನ ಆ ಕೊಳವೆಗಳನ್ನು ನೆನೆಯುವವರು ಕಡಿಮೆ.

ಮುಂದೆ ಸುಮಾರು ಮೂವತ್ತು ವರ್ಷ ನೀರು ತಣಿಸುವ ಈ ಗೂಡು, ಅಂದರೆ ರೇಡಿಯೇಟರೇ, ಕಾರಿನ ಮುಖ. ಫೋರ್ಡ್ ಮಾಡೆಲ್ ಟಿ ಮೊದಮೊದಲು ಹೊಳೆಯುವ ಹಿತ್ತಾಳೆ ರೇಡಿಯೇಟರನ್ನು ಬಯಲಿಗೆ ಒಡ್ಡಿಕೊಂಡೇ ಓಡಿತು. ಎದುರು ಗಾಡಿಯ ಗಾಲಿಯಿಂದ ಸಿಡಿದ ಒಂದು ಕಲ್ಲು ತಾಗಿದರೂ ನೀರು ಸೋರುವುದು. ಅದಕ್ಕೇ ತಂತಿಯ ಜಾಲರಿ ಕಟ್ಟಿಕೊಂಡರು. 1930ರ ದಶಕದಲ್ಲಿ ರೇಡಿಯೇಟರ್ ತಗಡಿನ ಮೈಯೊಳಗೆ ಸರಿಯಿತು, ಜಾಲರಿ ಮಾತ್ರ ಗ್ರಿಲ್ ಆಗಿ ಹೊರಗೆ ಉಳಿಯಿತು. ಅಲ್ಲಿಂದ ಅದಕ್ಕೆ ಶೃಂಗಾರದ ಹುಚ್ಚು. ಬಿಎಂಡಬ್ಲ್ಯು ಕಾರುಗಳ ಜೋಡಿ ಮೂತ್ರಪಿಂಡದಾಕಾರದ ಗ್ರಿಲ್ 1933ರ 303 ಮಾದರಿಯಲ್ಲಿ ಬಂದದ್ದು ಇಂದಿಗೂ ಹೋಗಿಲ್ಲ.

ನಮ್ಮ ದೇಶದಲ್ಲಿ ಗ್ರಿಲ್ ಬದಲಿಸುವ ಪಾಠ ಹೇಳಿಕೊಟ್ಟದ್ದು ಅಂಬಾಸಿಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸ್ 1950ರ ದಶಕದ ಕೊನೆಗೆ ಅದನ್ನು ತಂದಿತು. 1960ರ ದಶಕದ ಮೊದಲಲ್ಲಿ ಮಾರ್ಕ್ 2, 1975ರಲ್ಲಿ ಮಾರ್ಕ್ 3, 1979ರಲ್ಲಿ ಮಾರ್ಕ್ 4 ಬಂದವು. ಮೈ ಅದೇ, ಪೆಟ್ರೋಲ್ ಎಂಜಿನ್ ಅದೇ 1489 ಸಿಸಿ. ಕಣ್ಣಿಗೆ ಬೀಳುವ ವ್ಯತ್ಯಾಸವೆಲ್ಲ ಮೂತಿಯಲ್ಲಿ: ಮಾರ್ಕ್ 2ರಲ್ಲಿ ಒತ್ತಾದ ಸಣ್ಣ ಚೌಕುಳಿ, ಮಾರ್ಕ್ 4ರಲ್ಲಿ ಗ್ರಿಲ್ ಕುಗ್ಗಿ ಚೌಕುಳಿ ಹಿಗ್ಗಿತು. ಗಿರಾಕಿ ವರ್ಷಗಟ್ಟಲೆ ಪಾಳಿಯಲ್ಲಿ ಕಾಯುತ್ತಿದ್ದ ಕಾಲ. ಕಂಪನಿಗೆ ಅದಕ್ಕಿಂತ ಹೆಚ್ಚು ದಣಿಯುವ ಅಗತ್ಯವೂ ಇರಲಿಲ್ಲ. ಆ ಗ್ರಿಲ್ ಲೋಹದ್ದು. ಗುದ್ದಿದರೆ ನೆಗ್ಗುತ್ತಿತ್ತು, ಸುತ್ತಿಗೆಯಲ್ಲಿ ತಟ್ಟಿ ನೆಟ್ಟಗೆ ಮಾಡಿಕೊಳ್ಳಬಹುದಿತ್ತು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟಾಗ ಈ ತಟ್ಟುವ ಕಾಲ ಮುಗಿಯುತ್ತ ಬಂತು. ಸಣ್ಣ ಕಾರಿನ ಗ್ರಿಲ್ ಪ್ಲಾಸ್ಟಿಕ್‌ನದಾಯಿತು. ಒಡೆದರೆ ಬದಲಿಸುವುದೇ ದಾರಿ. ಅದರ ಹಿಂದಿನ ವ್ಯವಸ್ಥೆಯೂ ಬೇರೆಯಾಯಿತು. ಅಂಬಾಸಿಡರಿನ ಫ್ಯಾನು ಎಂಜಿನ್ನಿನ ಬೆಲ್ಟಿನಿಂದ ಸದಾ ತಿರುಗುವಂಥದ್ದು. ಮಾರುತಿಯಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುವುದರಿಂದ ಬೆಲ್ಟು ಆ ದಿಕ್ಕಿಗೆ ಎಟುಕದು. ಕರೆಂಟಿನ ಫ್ಯಾನು ಹಾಕಿದರು, ನೀರು ಕಾದಾಗಷ್ಟೇ ಅದು ತಿರುಗುತ್ತದೆ. ಉಳಿದ ಹೊತ್ತು ಗ್ರಿಲ್‌ನೊಳಗೆ ನುಗ್ಗಿದ ಗಾಳಿಯೇ ಗತಿ. ಆಮೇಲೆ ಎ.ಸಿ. ಬಂತು. ಅದರ ಕಂಡೆನ್ಸರ್ ರೇಡಿಯೇಟರಿಗೂ ಮುಂದೆ, ಗ್ರಿಲ್‌ನ ಬೆನ್ನಿಗೇ ನಿಂತಿತು. ಬೆರಳಿನಿಂದ ಒತ್ತಿದರೆ ಮಡಚಿಕೊಳ್ಳುವಷ್ಟು ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳು ಅದರವು. ಒಕ್ಕಣೆಯ ಹೊಟ್ಟು ಹೋಗಿ ಕೂರುವುದು ಅಲ್ಲೇ.

ಗಂಗಾವತಿಯ ನೀರಾವರಿ ಗದ್ದೆಗಳಲ್ಲಿ ಭತ್ತ ಕೊಯ್ಯುವ ಯಂತ್ರಗಳ ಚಾಲಕರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರೇಡಿಯೇಟರಿನ ಜಾಲರಿಗೆ ಹೊಟ್ಟು ಮೆತ್ತಿದರೆ ಎಂಜಿನ್ ಕುದಿಯುತ್ತದೆಂದು ಅವರು ಆಗಾಗ ನಿಲ್ಲಿಸಿ ಕೈಯಿಂದಲೋ ಬ್ರಷ್‌ನಿಂದಲೋ ಝಾಡಿಸುತ್ತಾರೆ. ಕಾರಿನವರು ಎ.ಸಿ. ತಣ್ಣಗಾಗುತ್ತಿಲ್ಲವೆಂದು ಗ್ಯಾಸ್ ತುಂಬಿಸುತ್ತಾರೆ.

ಇನ್ನು ಹೊಳಪಿನ ವಿಚಾರ. ಪ್ಲಾಸ್ಟಿಕ್‌ಗೆ ಕ್ರೋಮ್ ನೇರವಾಗಿ ಅಂಟುವುದಿಲ್ಲ. ಎಬಿಎಸ್ ಎಂಬ ಜಾತಿಯ ಪ್ಲಾಸ್ಟಿಕ್ಕನ್ನು ಆಮ್ಲದಲ್ಲಿ ಅದ್ದಿದಾಗ ಅದರೊಳಗಿನ ರಬ್ಬರಿನ ಕಣಗಳು ಕರಗಿ ಮೇಲ್ಮೈ ತುಂಬ ಕಣ್ಣಿಗೆ ಕಾಣದ ಗುಳಿ ಬೀಳುತ್ತವೆ. ಲೋಹ ಹಿಡಿದು ನಿಲ್ಲುವುದು ಆ ಗುಳಿಗಳಲ್ಲಿ. ಮೊದಲು ತಾಮ್ರ, ಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಆ ಕೊನೆಯ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ಅಗ್ಗದ ಮಾಲಿನಲ್ಲಿ ಕೆಳಗಿನ ಪದರಗಳಲ್ಲೇ ಜಿಪುಣತನ ಮಾಡಿರುತ್ತಾರೆ. ಹಾಗಾಗಿ ಬಿಸಿಲಿಗೆ ಬೇಗ ಸಿಪ್ಪೆ ಏಳುತ್ತದೆ. ನಮ್ಮ ಕಡೆಯ ಬಿಸಿಲಂತೂ ಕಂಪನಿ ಮಾಲನ್ನೂ ಸುಮ್ಮನೆ ಬಿಡುವುದಿಲ್ಲ.

ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ, ಆದರೆ ಅವಸರ ಸಲ್ಲದು. ಬಾನೆಟ್ ಎತ್ತಿ ಮೇಲಂಚಿನ ಕ್ಲಿಪ್‌ಗಳನ್ನು ಬಿಡಿಸಬೇಕು: ನಡುವಿನ ಗುಬುಟು ಮೊದಲು ಎದ್ದರೆ ಉಳಿದದ್ದು ತಾನೇ ಬರುತ್ತದೆ. ಕೆಲವು ಕಾರುಗಳಲ್ಲಿ ಗ್ರಿಲ್ ಬಂಪರಿಗೇ ಕಚ್ಚಿಕೊಂಡಿರುತ್ತದೆ. ಗಾಲಿಯ ಪಕ್ಕದ ಸ್ಕ್ರೂ ತೆಗೆದು, ಫಾಗ್ ಲ್ಯಾಂಪಿನ ವೈರು ಬಿಡಿಸಿ, ಬಂಪರನ್ನೇ ಮುಂದಕ್ಕೆಳೆಯಬೇಕು. ಬಿಸಿಲಿಗೆ ಒಣಗಿದ ಹಳೆಯ ಕ್ಲಿಪ್‌ಗಳು ಪಟಪಟ ಮುರಿಯುತ್ತವೆ. ಹತ್ತಾರು ರೂಪಾಯಿಯ ಕ್ಲಿಪ್ ತರಲು ಬೇಸರಪಟ್ಟು ಬೈಂಡಿಂಗ್ ವೈರ್ ಬಿಗಿದು ಕಳಿಸುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ತಗ್ಗುದಿನ್ನೆಯ ರಸ್ತೆಯಲ್ಲಿ ಆ ತಂತಿ ಅಲುಗಾಡಿ ಹೊಸ ಗ್ರಿಲ್‌ನ ಕಿವಿಯನ್ನೇ ಕೊಯ್ಯುತ್ತದೆ.

ಗ್ರಿಲ್ ಮತ್ತೆ ಮತ್ತೆ ಒಡೆಯುತ್ತದೆಂದು ಅದರ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ಚಟ ಹಳ್ಳಿಗಳಲ್ಲಿ ಇನ್ನೂ ಇದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆ ಎಂದು ಹೇಳಿ, ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಕಾರಣ ಸರಿಯಾದದ್ದೇ. ಗುದ್ದಿದಾಗ ಮುಂಭಾಗ ಮಡಚಿಕೊಂಡು ಪೆಟ್ಟು ನುಂಗಬೇಕು. ಕಬ್ಬಿಣದ ಗಾರ್ಡು ಆ ಪೆಟ್ಟನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ. ಅಡ್ಡ ಸಿಕ್ಕ ಪಾದಚಾರಿಯ ಗತಿ ಹೇಳುವುದೇ ಬೇಡ. ಒಡೆದ ಗ್ರಿಲ್‌ನ ಜಾಗಕ್ಕೆ ಅದೇ ಮಾದರಿಯ ಇನ್ನೊಂದನ್ನು ಹಾಕುವುದು ಬರೀ ದುರಸ್ತಿ, ಅದಕ್ಕೆ ಯಾರ ತಕರಾರೂ ಇಲ್ಲ.

ತಕರಾರು ಎದ್ದದ್ದು ಅಮೆರಿಕದಲ್ಲಿ. ಮಹೀಂದ್ರ ಕಂಪನಿ 2018ರಲ್ಲಿ ಅಲ್ಲಿ ಬಿಟ್ಟ ರಾಕ್ಸರ್ ಗಾಡಿ ತಮ್ಮ ಜೀಪಿನ ಚಹರೆಯನ್ನೇ ಕದ್ದಿದೆ ಎಂದು ಜೀಪ್‌ನ ಒಡೆಯರು ದೂರಿದರು. 2020ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಆ ಮಾತನ್ನು ಒಪ್ಪಿತು. ಮಹೀಂದ್ರ ಗ್ರಿಲ್ ಸಮೇತ ಮುಂಭಾಗವನ್ನೇ ಬದಲಿಸಿತು. ವ್ಯಾಜ್ಯ ಅಷ್ಟಕ್ಕೇ ನಿಲ್ಲಲಿಲ್ಲ.

ಗ್ರಿಲ್‌ನ ಗೊಡವೆಯೇ ಇಲ್ಲದ ಸಣ್ಣ ಕಾರುಗಳೂ ಬಂದವು. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಬ್ಯಾಟರಿಯ ಗಾಡಿ, ತಣಿಸಬೇಕಾದ ಪೆಟ್ರೋಲ್ ಎಂಜಿನ್ನೇ ಅದಕ್ಕಿಲ್ಲ. 2009ರ ಟಾಟಾ ನ್ಯಾನೋದಲ್ಲಿ ಎಂಜಿನ್ ಹಿಂದೆ, ಬೆಂಜನ ಗಾಡಿಯ ಹಾಗೆಯೇ. ಬೋಳು ಮೂತಿಯನ್ನು ಜನ ಅಷ್ಟಾಗಿ ಮೆಚ್ಚಲಿಲ್ಲ. ಇವತ್ತಿನ ಎಷ್ಟೋ ಬ್ಯಾಟರಿ ಕಾರುಗಳು ಗಾಳಿ ತೂರದ ಹುಸಿ ಗ್ರಿಲ್ ಅಂಟಿಸಿಕೊಂಡೇ ಬರುತ್ತವೆ.

ಪೆಟ್ರೋಲ್, ಡೀಸೆಲ್ ಕಾರಿಗೆ ಆ ಹುಸಿ ಸಲ್ಲದು. ಅಂಗಡಿಯಲ್ಲಿ ಹೊಸ ಗ್ರಿಲ್ ಕೊಳ್ಳುವಾಗ ಹಳೆಯದನ್ನು ಪಕ್ಕಕ್ಕಿಟ್ಟು ಸಂದುಗಳ ಅಗಲ ಹೋಲಿಸಿ ನೋಡಿ; ಗಾಳಿಯ ದಾರಿ ಕಿರಿದಾಗಿದ್ದರೆ ಎಷ್ಟೇ ಹೊಳೆದರೂ ಬೇಡವೆನ್ನಿ. ಗ್ರಿಲ್ ಬಿಚ್ಚಿದ ಹೊತ್ತಿನಲ್ಲೇ ಹಿಂದಿನ ಕಂಡೆನ್ಸರನ್ನು ಸಣ್ಣ ಧಾರೆಯ ನೀರಿನಲ್ಲಿ ತೊಳೆಸಿ. ಪ್ರೆಶರ್ ಪಂಪು ಹಿಡಿಯಲು ಬಿಡಬೇಡಿ, ಪಟ್ಟಿಗಳು ಮಲಗಿಬಿಡುತ್ತವೆ.