ಯಳಂದೂರಿನಿಂದ ಶಿಖರ್ಜಿಗೆ: ವಿಮಾನ ಎರಡೂವರೆ ಗಂಟೆ, ಪ್ರಯಾಣ ಎಷ್ಟು?

ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಸಮ್ಮೇದ ಶಿಖರ್ಜಿ ಇರುವುದು ಜಾರ್ಖಂಡದ ಗಿರಿಡಿಹ್ ಜಿಲ್ಲೆಯಲ್ಲಿ. ವಿಮಾನದಲ್ಲಿ ಹೋಗುವ ನಮ್ಮ ಕಡೆಯ ಯಾತ್ರಿಕರು ಸಾಮಾನ್ಯವಾಗಿ ಇಳಿಯುವುದು ರಾಂಚಿಯಲ್ಲಿ.

ಬೆಂಗಳೂರಿನಿಂದ ರಾಂಚಿಗೆ ಆಕಾಶಮಾರ್ಗ ಸುಮಾರು 1,380 ಕಿ.ಮೀ. ನೇರ ವಿಮಾನಕ್ಕೆ ಸುಮಾರು ಎರಡೂವರೆ ಗಂಟೆ ಸಾಕು. ಆದರೆ ಯಳಂದೂರಿನವರು ಕೊಳ್ಳೇಗಾಲ, ಮಳವಳ್ಳಿ, ಕನಕಪುರ ದಾಟಿ ದೇವನಹಳ್ಳಿಯ ನಿಲ್ದಾಣ ಸೇರಲು ಐದು ಗಂಟೆ ಇಟ್ಟುಕೊಳ್ಳಬೇಕು. ರಾಂಚಿಯಿಂದ ಬೆಟ್ಟದ ಬುಡದ ಮಧುಬನಕ್ಕೆ ರಸ್ತೆಯಲ್ಲಿ ಮತ್ತೆ ಸುಮಾರು ನಾಲ್ಕು ಗಂಟೆ.

ಇಲ್ಲೊಂದು ಮುಖ್ಯ ವಿಷಯವಿದೆ. ದೇಶಕ್ಕೆಲ್ಲ ಗಡಿಯಾರ ಒಂದೇ, ಸೂರ್ಯ ಮಾತ್ರ ಪೂರ್ವದಲ್ಲಿ ಬೇಗ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಯಳಂದೂರಿನಲ್ಲಿ ಸೂರ್ಯಾಸ್ತ ಸುಮಾರು 6ಕ್ಕೆ, ಮಧುಬನದಲ್ಲಿ ಸುಮಾರು 5ಕ್ಕೇ. ಬೆಳಿಗ್ಗೆ 11ರ ವಿಮಾನ ಹಿಡಿದವರು ಮಧುಬನ ತಲುಪುವಷ್ಟರಲ್ಲಿ ಕತ್ತಲಾಗಿರುತ್ತದೆ. ರಾತ್ರಿ ಭೋಜನ ತ್ಯಾಗ ಮಾಡಿದವರು ಅಂದು ಉಪವಾಸವೇ ಇರಬೇಕಾದೀತು. ಆದ್ದರಿಂದ ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ತಂಗಿ, 7ರ ಸುಮಾರಿನ ವಿಮಾನ ಹಿಡಿಯುವುದು ಒಳ್ಳೆಯದು.

ಬೆಟ್ಟ ಹತ್ತಿ, ಟೋಂಕ್‌ಗಳ ವಂದನೆ ಮುಗಿಸಿ ಇಳಿಯಲು ಒಟ್ಟು 27 ಕಿ.ಮೀ. ನಡಿಗೆಯಿದೆ. ಹಿರಿಯರಿದ್ದರೆ ಮಧುಬನದಲ್ಲಿ ಒಂದು ದಿನ ವಿಶ್ರಾಂತಿಗೆ ಬಿಡಿ. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ.